ತುಟಿ ಕಚ್ಚುತ್ತಿದ್ದ ಆಟಗಾರ

ಒಂದೂರಿನಲ್ಲಿ ಒಬ್ಬ ಚೆಂಡು ಎಸೆಯುವವನಿದ್ದ.

ಯಾಕೆ ನಗುತ್ತೀರಿ? ದಿನಾಲೂ ಶ್ರೀಮಂತನೇ ಇರಬೇಕೇನು? ಶ್ರಾವಣ ಶುರುವಾದಾಗಿನಿಂದ ಮಠದ ಈ ಪ್ರವಚನದಲ್ಲಿ ನಾನು ಹೇಳುವ ಕಥೆಗೆ ದಿನಕ್ಕೊಬ್ಬ ಶ್ರೀಮಂತ ಬರುತ್ತಾನೆ, ಅವನಿಗೆ ದಿನಕ್ಕೊಂದು ಕೇಡಾಗುತ್ತದೆ, ನೀವೆಲ್ಲ ಬಟ್ಟೆ ಅಂಗಡಿಯ ಗುರುಬಸಪ್ಪನವರ ಕಡೆ ತಿರುಗಿ ನೋಡುತ್ತೀರಿ. ನಿನ್ನೆ ಅವರು ಬಂದು, "ಅಜ್ಜಾರ, ಒಂದಿನಾನಾದ್ರೂ ಬ್ಯಾರೆಯವರನ್ನ ಹಿಡೀರಿ" ಎಂದು ಕೈಮುಗಿದರು. ಆದ್ದರಿಂದ ಇವತ್ತು ಅವರಿಗೆ ರಜೆ.

ಈ ಕಥೆ ನನಗೆ ಸಿಕ್ಕಿದ್ದು ರೈಲಿನಲ್ಲಿ. ಹೋದ ವಾರ ಹುಬ್ಬಳ್ಳಿಯಿಂದ ಬರುವಾಗ ಎದುರಿಗೆ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು ಕೂತಿದ್ದರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಿದವರು. ಅದರ ದೊಡ್ಡಣ್ಣ ಬೇಸ್‌ಬಾಲ್ ಅಂತೆ. ಅದನ್ನು ಹೊಟ್ಟೆಪಾಡಿಗೆ ಆಡುವವರು ದೂರದೇಶದಲ್ಲಿದ್ದಾರಂತೆ. ಅಂಥ ಒಬ್ಬನ ಕಥೆ ಹೇಳಿದರು. ಅದರಲ್ಲಿ ಎಷ್ಟು ನಿಜವೋ, ಎಷ್ಟು ಮೇಷ್ಟ್ರ ಉಪ್ಪುಖಾರವೋ, ನನಗೆ ಗೊತ್ತಿಲ್ಲ. ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಿಂದ ಯಾವ ನೀತಿ ತೆಗೆಯಬೇಕೆಂಬುದೂ ನನಗೆ ಸರಿಯಾಗಿ ತಿಳಿದಿಲ್ಲ. ವಾರದಿಂದ ತಲೆಯಲ್ಲಿ ಸುತ್ತುತ್ತಿದೆ. ನಿಮ್ಮೆದುರು ಹೇಳುತ್ತಾ ಹೋದರೆ ತಿಳಿದೀತೇನೋ ಎಂದು ಶುರು ಮಾಡಿದ್ದೇನೆ. ಒಳಗೆ ದಾಸೋಹದ ಅಡುಗೆಮನೆಯಿಂದ ಸಜ್ಜಕದ ಸಿಹಿ ವಾಸನೆ ಬರುತ್ತಿದೆ, ನಿಮ್ಮ ಮೂಗು ಅಲ್ಲಿದೆ. ಇರಲಿ, ಕಿವಿ ಮಾತ್ರ ಇಲ್ಲಿ ಬಿಡಿ.

ಮೊದಲು ಆಟ ಗೊತ್ತಾಗಬೇಕು. ಒಬ್ಬ ಚೆಂಡು ಎಸೆಯುತ್ತಾನೆ. ಎದುರಿಗೆ ಇನ್ನೊಬ್ಬ ಒನಕೆಯ ತುಂಡಿನಂಥ ದಾಂಡು ಹಿಡಿದು ನಿಂತಿರುತ್ತಾನೆ. ಅವನ ಹಿಂದೆ, ಎಸೆಯುವವನದೇ ತಂಡದ ಒಬ್ಬ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುತ್ತಾನೆ. ನಮ್ಮ ಕ್ರಿಕೆಟ್ಟಿನ ಹಾಗೆ ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ, ನೇರವಾಗಿ ಗಾಳಿಯಲ್ಲೇ ಬರುತ್ತದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಂದುಬಿಡುತ್ತದೆ. ಹಾಗಾಗಿ ಹೊಡೆಯುವವನಿಗೆ ಬರುವುದು ವೇಗದ ಚೆಂಡೋ ನಿಧಾನದ ಚೆಂಡೋ ಎಂದು ಮೊದಲೇ ತಿಳಿಯಬಾರದು. ತಿಳಿಯಿತೋ, ಎಸೆಯುವವನ ಕಥೆ ಮುಗಿಯಿತು. ಇಷ್ಟೇ ಆಟ. ಉಳಿದದ್ದು ನನಗೂ ತಿಳಿಯಲಿಲ್ಲ, ನಿಮಗೂ ಬೇಡ.

ನಮ್ಮವನ ಹತ್ತಿರ ಎರಡು ಬಗೆಯ ಚೆಂಡಿದ್ದವು. ಒಂದು ಬಾಣದ ಹಾಗೆ ಬರುವುದು. ಇನ್ನೊಂದು ನಿಧಾನಕ್ಕೆ ಬಂದು, ಕೊನೆಗೆ ಮೊಣಕಾಲಿನ ಹತ್ತಿರ ದಬಕ್ಕನೆ ಕೆಳಗಿಳಿಯುವುದು. ಎರಡೂ ಬಹಳ ಒಳ್ಳೆಯ ಚೆಂಡುಗಳೇ. ಮತ್ತೆ ಹೇಳುತ್ತೇನೆ, ಬಹಳ ಒಳ್ಳೆಯ ಚೆಂಡುಗಳೇ. ಆದರೂ ಅವನು ಯಾವ ತಂಡದಲ್ಲೂ ಎರಡು ವರ್ಷ ನಿಲ್ಲಲಿಲ್ಲ.

ಆ ದೇಶದಲ್ಲಿ ಒಂದು ಪದ್ಧತಿಯಿದೆ. ಆಟಗಾರನನ್ನು ಒಂದು ತಂಡ ಇನ್ನೊಂದು ತಂಡಕ್ಕೆ ಕೊಡುತ್ತದೆ, ಬದಲಿಗೆ ಅವರ ಕಡೆಯವನನ್ನು ತೆಗೆದುಕೊಳ್ಳುತ್ತದೆ. ಆಟಗಾರನನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಮ್ಯಾನೇಜರ್ ಕರೆದು, "ಇವತ್ತಿನಿಂದ ನೀನು ಆ ತಂಡದಾಂವ" ಎನ್ನುತ್ತಾನೆ. ಅವರ ಭಾಷೆ ನನಗೆ ಬರುವುದಿಲ್ಲ, ನಮ್ಮ ಮಾತನ್ನೇ ಅವರ ಬಾಯಿಗೆ ಹಾಕುತ್ತಿದ್ದೇನೆ. ಅಂಗಿ ಕಳಚಬೇಕು, ಬೇರೆ ಅಂಗಿ ತೊಡಬೇಕು. ನಿನ್ನೆ ಯಾರ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದನೋ ಇವತ್ತು ಅವರಿಗೇ ಚೆಂಡು ಎಸೆಯಬೇಕು.

ಹೀಗೆ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ತಂಡ. ಟ್ರಂಕಿನಲ್ಲಿ ಹನ್ನೊಂದು ಬಣ್ಣದ ಅಂಗಿ. ಹೆಂಡತಿ ಮೊದಲ ಮೂರು ಊರಿನಲ್ಲಿ ಕಿಟಕಿಗೆ ಪರದೆ ಹೊಲಿದಳು. ಪ್ರತಿ ಊರಿನ ಕಿಟಕಿಯ ಅಳತೆ ಬೇರೆ. ಬಿಚ್ಚುವುದು, ಕತ್ತರಿಸುವುದು, ಮತ್ತೆ ಹೊಲಿಯುವುದು. ನಾಲ್ಕನೆಯ ಊರಿಗೆ ಬಂದಾಗ ಅವಳೆಂದಳು, "ಇನ್ನ ಪರದೇ ಕಟ್ಟಂಗಿಲ್ಲ. ಮಂದಿ ನೋಡಿದ್ರ ನೋಡವಲ್ರಾಕ." ಅವನು ಪರದೆಗಳನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದ.

ಅವನಿಗೊಂದು ಗೊಂದಲವಿತ್ತು. ಹೊಸಬರು ಬಂದರೆ ಅವನ ಚೆಂಡನ್ನು ಮುಟ್ಟಲಾಗುತ್ತಿರಲಿಲ್ಲ. ಹಳೆಯ ಗೆಳೆಯರು, ಒಂದು ಕಾಲಕ್ಕೆ ಅವನ ಜೊತೆಯಲ್ಲೇ ಆಡಿದವರು, ದಾಂಡು ಹಿಡಿದು ಬಂದರೆ ಮೈದಾನದ ಗೋಡೆಯಾಚೆ ಹೊಡೆಯುತ್ತಿದ್ದರು. ಊರು ಬದಲಾದಂತೆ ಹಳೆಯ ಗೆಳೆಯರು ಜಾಸ್ತಿಯಾದರು. ಜಾಸ್ತಿಯಾದಂತೆ ಹೊಡೆತವೂ ಜಾಸ್ತಿಯಾಯಿತು. ಡಾಕ್ಟರು ತೋಳು ಒತ್ತಿ, "ತೋಳಿಗೇನೂ ಆಗಿಲ್ಲ" ಎಂದರು. ಬೂಟು ಬದಲಾಯಿಸಿದ. ಊಟ ಬದಲಾಯಿಸಿದ. ಮೈದಾನಕ್ಕೆ ಎಡಗಾಲಿಟ್ಟು ಹೋದ, ಬಲಗಾಲಿಟ್ಟು ಹೋದ. ತೋಳು ಸರಿ ಇದೆ, ಚೆಂಡು ಸರಿ ಇದೆ, ಹಾಗಾದರೆ ತಪ್ಪು ಎಲ್ಲಿದೆ? ಹದಿನಾಲ್ಕು ವರ್ಷ ಇದೊಂದೇ ಪ್ರಶ್ನೆ. ನಿಮಗೂ ಇಂಥದೊಂದು ಪ್ರಶ್ನೆ ಇಲ್ಲವೇ? ಎಲ್ಲ ಸರಿಯಾಗಿಯೇ ಮಾಡುತ್ತೇನೆ, ನನ್ನ ಮಾತು ಮಾತ್ರ ಯಾಕೆ ಯಾರಿಗೂ ಹಿಡಿಸುವುದಿಲ್ಲ? ಎಲ್ಲರ ಮನೆಗೂ ಮಂದಿ ಬರುತ್ತಾರೆ, ನಮ್ಮ ಮನೆಗೆ ಯಾಕೆ ಬರುವುದಿಲ್ಲ?

ನೋಡಿ... ಎಲ್ಲಿದ್ದೆ? ಹಾಂ, ಹನ್ನೊಂದನೆಯ ತಂಡ.

ವಯಸ್ಸು ಮೂವತ್ತಾರು. ಆ ಆಟದಲ್ಲಿ ಅದು ಮುಪ್ಪು. ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದ. "ಭಾನುವಾರದ ಆಟ ಕಡೀದು. ಛಲೋ ಎಸದ್ರ ಮುಂದಿನ ವರ್ಷಾನೂ ಇರ್ತಿ. ಇಲ್ಲಂದ್ರ ಮನೀಗೆ ನಡಿ." ಎಸೆಯುವುದೊಂದನ್ನು ಬಿಟ್ಟರೆ ಬೇರೆ ಏನೂ ಕಲಿಯದವನು ಅವನು.

ಶುಕ್ರವಾರ ಊಟಕ್ಕೆ ಕೂತ. ಹೆಂಡತಿಯ ಎದುರು ಮೊದಲ ಸಲ ಬಾಯಿ ಬಿಟ್ಟ. "ನನ್ನ ಚೆಂಡಿನಾಗ ಏನ್ ತಪ್ಪೈತಿ? ನನಗೊಂದೂ ತಿಳಿವಲ್ದು."

ಅವಳು ತಾಟಿನಿಂದ ತಲೆ ಎತ್ತಲಿಲ್ಲ. "ಆ ನಿಧಾನದ ಚೆಂಡು ಒಗೆಯೋಕಿಂತ ಮೊದ್ಲು ಕೆಳತುಟಿ ಕಚ್ಚತೀರಲ್ಲ, ಅದ ಇರಬೇಕು" ಎಂದಳು.

"ಏನಂದಿ?"

"ಜೋರಿನ ಚೆಂಡಿಗೆ ಕಚ್ಚಂಗಿಲ್ಲ. ನಿಧಾನದ್ದಕ್ಕ ಕಚ್ಚತೀರಿ. ನಾ ದೂರ ಕುಂತಾಕಿಗೇ ಕಾಣತೈತಿ."

"ಯಾವಾಗಿಂದ ಗೊತ್ತು ನಿನಗ?"

"ಲಗ್ನ ಆದ ವರ್ಷದಿಂದ."

"ಮತ್ತ ಯಾಕ ಹೇಳಲಿಲ್ಲ?"

ಅವಳಿಗೇ ಗೊಂದಲವಾಯಿತು. "ನೀವು ಯಾವತ್ತ ಕೇಳಿದ್ರಿ? ಅದೂ ಆಟದಾಗಿನ ಪದ್ಧತಿ ಅಂತ ತಿಳಕೊಂಡಿದ್ದೆ. ನನಗ ಆಟ ತಿಳಿಯಂಗಿಲ್ಲ. ನಿಮ್ಮ ಮಾರಿ ತಿಳೀತೈತಿ, ಅಷ್ಟ."

ಅವನು ಎದ್ದುಹೋಗಿ ಕನ್ನಡಿಯ ಮುಂದೆ ನಿಂತ. ಬರಿಗೈಯಲ್ಲಿ ಜೋರಿನ ಚೆಂಡು ಎಸೆದಂತೆ ಮಾಡಿದ. ಮುಖ ಕಲ್ಲಿನಂತಿತ್ತು. ನಿಧಾನದ ಚೆಂಡು ಎಸೆದಂತೆ ಮಾಡಿದ. ಹಲ್ಲು ತಾನಾಗಿಯೇ ಬಂದು ತುಟಿಯ ಮೇಲೆ ಕೂತಿತು. ಮತ್ತೆ ಮಾಡಿದ. ಮತ್ತೆ ಕೂತಿತು. ಹದಿನಾಲ್ಕು ವರ್ಷದ ಉತ್ತರ ಅವನ ಮುಖದ ಮೇಲೇ ಇತ್ತು. ಅವನೊಬ್ಬನಿಗೆ ಮಾತ್ರ ಕಂಡಿರಲಿಲ್ಲ.

ಇಲ್ಲಿಗೇ ಕಥೆ ನಿಲ್ಲಿಸಿ, 'ಹೆಂಡತಿಯ ಮಾತು ಕೇಳಿ' ಎಂದು ಹೇಳಿ ಮಂಗಳ ಹಾಡಬಹುದಿತ್ತು. ತಾಯಂದಿರಿಗೆ ಖುಷಿಯಾಗುತ್ತಿತ್ತು. ಆದರೆ ಮೇಷ್ಟ್ರು ನಿಲ್ಲಿಸಲಿಲ್ಲ, ರೈಲೂ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಅವನು ನೇರವಾಗಿ ತಮ್ಮ ತಂಡದ ಚೆಂಡು ಹಿಡಿಯುವವನ ಹತ್ತಿರ ಹೋದ. ಅವನೂ ಇವನಂತೆ ಊರೂರು ತಿರುಗಿದವನೇ. ಮೂರನೆಯ ತಂಡದಲ್ಲಿ ಇಬ್ಬರೂ ಜೊತೆಗಿದ್ದರು. ಆಮೇಲೆ ಎದುರಾಳಿಗಳಾದರು, ಈಗ ಮತ್ತೆ ಜೊತೆಗೆ. ಇವನ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಾನೆ.

"ನನ್ನ ತುಟಿ ವಿಷಯ ನಿನಗ ಗೊತ್ತಿತ್ತೇನು?"

ಹಿಡಿಯುವವನು ಬಹಳ ಹೊತ್ತು ಬೂಟಿನ ದಾರ ಕಟ್ಟಿದ. "ಗೊತ್ತಿತ್ತು" ಎಂದ. "ನನಗೊಬ್ಬಂಗ ಅಲ್ಲ. ಹನ್ನೊಂದೂ ತಂಡದಾಗ ಎಲ್ಲಾರಿಗೂ ಗೊತ್ತೈತಿ."

"ಯಾರೂ ಯಾಕ ಹೇಳಲಿಲ್ಲ?"

"ಹೇಳಿ ನಿನ್ನ ತಿದ್ದಿದ್ವಿ ಅಂತ ತಿಳಿ. ನಾಳೆ ನಿನ್ನ ಎದುರಿನ ತಂಡಕ್ಕ ಕೊಟ್ರ? ಆವಾಗ ನಿನ್ನ ಚೆಂಡು ನಾವು ಹೆಂಗ ಹೊಡೀಬೇಕು?"

ಕೇಳಿದಿರಾ? ಇವತ್ತು ನಮ್ಮವನು, ನಾಳೆ ಎದುರಿನವನಾಗಬಹುದು. ಅದಕ್ಕೇ ಅವನ ತಪ್ಪು ನಮ್ಮ ಜೇಬಿನಲ್ಲಿ ಭದ್ರವಾಗಿರಲಿ. ಕೆಟ್ಟವರೇನಲ್ಲ ಅವರು. ಒಟ್ಟಿಗೆ ಉಂಡರು, ನಕ್ಕರು, ಅವನ ಹೆಂಡತಿಗೆ ಜ್ವರ ಬಂದಾಗ ಹಣ್ಣು ತಂದುಕೊಟ್ಟರು. ಈ ಒಂದನ್ನು ಮಾತ್ರ ಹೇಳಲಿಲ್ಲ.

ಎಸೆಯುವವನಿಗೆ ಮೈ ಉರಿಯಿತು. ಹಿಡಿಯುವವನ ಅಂಗಿ ಹಿಡಿದು ಎಬ್ಬಿಸಿದ, ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಯಾಕೆಂದರೆ, ನೋಡಿ... ಯಾಕೆಂದರೆ... ಹಾಂ, ಹಿಮ್ಮಡಿ. ಹಿಡಿಯುವವನಿಗೂ ಒಂದು ಚಾಳಿಯಿತ್ತು. ದಾಂಡು ಹಿಡಿಯುವ ಸರದಿ ಅವನಿಗೂ ಬರುತ್ತದೆ. ಬಲವಾಗಿ ಬೀಸಬೇಕೆಂದು ಮನಸ್ಸು ಮಾಡಿದಾಗೆಲ್ಲ ಅವನ ಎಡಗಾಲಿನ ಹಿಮ್ಮಡಿ ಮೊದಲೇ ತುಸು ಮೇಲೇಳುತ್ತಿತ್ತು. ಅದನ್ನು ನಮ್ಮ ಎಸೆಯುವವನು ಮೂರನೆಯ ತಂಡದಲ್ಲಿದ್ದಾಗಲೇ ಕಂಡಿದ್ದ. ಕಂಡು ಏನು ಮಾಡಿದ? ಸುಮ್ಮನಿದ್ದ. ಮುಂದೆ ಎದುರಾಳಿಯಾದಾಗ ಆ ಹಿಮ್ಮಡಿ ಎದ್ದಾಗ ನಿಧಾನದ ಚೆಂಡು ಎಸೆದು ಆರು ಸಲ ಅವನನ್ನು ಔಟ್ ಮಾಡಿದ್ದ. ಹೊಡೆಯಲು ಹೋದವನು ತಾನೂ ಅದನ್ನೇ ಮಾಡಿದ್ದ.

ಕೈ ಇಳಿಸಿದ. "ನಿನ್ನ ಹಿಮ್ಮಡಿ ಏಳತೈತಿ" ಎಂದ.

"ಏನು?"

"ಜೋರಾಗಿ ಬೀಸಬೇಕಂದಾಗ. ಎಡಗಾಲಿಂದು. ನಾನೂ ಹೇಳಿರಲಿಲ್ಲ."

ಒಬ್ಬರ ಮುಖ ಒಬ್ಬರು ನೋಡಿದರು. ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಮಧ್ಯಾಹ್ನದವರೆಗೆ ಇಬ್ಬರೇ ಮೈದಾನದಲ್ಲಿದ್ದರು. ಉಪಾಯ ಬಹಳ ಸುಲಭವಿತ್ತು. ಎಡಗೈಗೆ ಚರ್ಮದ ಗವಸು ಇದ್ದೇ ಇರುತ್ತದಲ್ಲ, ಎಸೆಯುವ ಮೊದಲು ಅದನ್ನು ಮೂಗಿನವರೆಗೆ ಎತ್ತಿ ಹಿಡಿದರೆ ತುಟಿ ಕಾಣುವುದಿಲ್ಲ. ಹದಿನಾಲ್ಕು ವರ್ಷದ ರೋಗಕ್ಕೆ ಒಂದು ಗೇಣಿನ ಔಷಧ. ಹಿಡಿಯುವವನು ಹಿಮ್ಮಡಿ ಊರಿ ನಿಲ್ಲುವುದನ್ನು ಕಲಿತ. ಅದಕ್ಕೆ ಇನ್ನಷ್ಟು ಹೊತ್ತು ಬೇಕಾಯಿತು, ಆದರೆ ಕಲಿತ.

ಭಾನುವಾರ ಬಂತು. ಆಟಕ್ಕೆ ಇನ್ನೂ ಎರಡು ತಾಸಿದೆ ಎನ್ನುವಾಗ ಮ್ಯಾನೇಜರ್ ಒಳಗೆ ಬಂದ. ತನ್ನನ್ನೇ ಕರೆಯುತ್ತಾನೆಂದು ಎಸೆಯುವವನು ಎದ್ದು ನಿಂತ. ಆದರೆ ಮ್ಯಾನೇಜರ್ ಕರೆದದ್ದು ಹಿಡಿಯುವವನನ್ನು. "ನಿನ್ನ ಅವರಿಗೆ ಕೊಟ್ಟೀವಿ" ಎಂದ. ಯಾರಿಗೆ? ಇವತ್ತು ಎದುರು ಆಡುವ ತಂಡಕ್ಕೇ. ಎರಡು ತಂಡದ ಕೋಣೆಗಳ ನಡುವೆ ಇರುವುದು ಇಪ್ಪತ್ತು ಹೆಜ್ಜೆಯ ಓಣಿ. ಹಿಡಿಯುವವನು ಅಂಗಿ ಕಳಚಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಆ ಓಣಿ ದಾಟಿ ಹೋದ. ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ.

ಈಗ ಎಸೆಯುವವನ ಮನಸ್ಸಿನಲ್ಲಿ ಏನಿದ್ದಿರಬಹುದು? ಇನ್ನೊಂದೇ ದಿನ ಬಾಯಿ ಮುಚ್ಚಿಕೊಂಡಿದ್ದರೆ! ನಿನ್ನೆ ಬೆಳಿಗ್ಗೆಯವರೆಗೆ ಆ ಹಿಮ್ಮಡಿ ತನ್ನ ಜೇಬಿನಲ್ಲಿತ್ತು. ಇವತ್ತು ತನ್ನ ಅನ್ನ ಇರುವುದೇ ಈ ಆಟದಲ್ಲಿ, ಇವತ್ತೇ ಅದು ಜೇಬಿನಲ್ಲಿಲ್ಲ.

ಆಟ ಶುರುವಾಯಿತು. ಎಸೆಯುವವನು ಗವಸನ್ನು ಮೂಗಿನವರೆಗೆ ಎತ್ತಿ ಹಿಡಿದ. ಎದುರಿನ ತಂಡದಲ್ಲಿ ಅವನ ಹಳೆಯ ಗೆಳೆಯರು ನಾಲ್ಕು ಮಂದಿ. ಬಂದರು, ತುಟಿ ಹುಡುಕಿದರು, ಸಿಗಲಿಲ್ಲ. ಗಾಳಿಗೆ ದಾಂಡು ಬೀಸಿ ಹೋದರು. ಅಂಥ ಆಟವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಕೊನೆಗೆ ಇವರ ತಂಡ ಒಂದು ಅಂಕ ಮುಂದಿತ್ತು. ಅವರ ಕಡೆಯ ಒಬ್ಬ ಮೈದಾನದಲ್ಲಿ ಓಡಲು ಕಾದಿದ್ದ. ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯಿತು. ಆ ಇನ್ನೊಬ್ಬ ದಾಂಡು ಹಿಡಿದು ಬಂದ. ಯಾರೆಂದು ನಾನು ಹೇಳಬೇಕಿಲ್ಲ.

ಒಬ್ಬನ ಹಿಮ್ಮಡಿ ನೆಲಕ್ಕೆ ಊರಿದೆ. ಇನ್ನೊಬ್ಬನ ತುಟಿ ಗವಸಿನ ಹಿಂದಿದೆ. ಇವನಿಗೆ ಅವನು ತಿಳಿಯಲಿಲ್ಲ, ಅವನಿಗೆ ಇವನು ತಿಳಿಯಲಿಲ್ಲ. ಇಬ್ಬರ ಜೇಬೂ ಖಾಲಿ. ಎಸೆಯುವವನು ತನ್ನ ನಿಧಾನದ ಚೆಂಡನ್ನು ಎಸೆದ. ತುಂಬಾ ಚೆನ್ನಾಗಿ ಎಸೆದ. ಅದು ಮೊಣಕಾಲಿನ ಹತ್ತಿರ ಇಳಿಯುವಷ್ಟರಲ್ಲಿ ದಾಂಡು ಬಂತು, ಚೆಂಡು ಗೋಡೆ ದಾಟಿಹೋಯಿತು. ಕಾದಿದ್ದವನೂ ಹೊಡೆದವನೂ ಓಡಿ ಬಂದು ಎರಡು ಅಂಕ ತೆಗೆದರು.

ಸೋತ. ಕೆಲಸ ಹೋಯಿತು.

ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ಇದ್ದಳು. "ಏನಾತು?"

"ಹೊಡದ."

"ತುಟಿ ಕಚ್ಚಿದ್ದು ಕಂಡಿತೇನು?"

"ಇಲ್ಲ. ನನ್ನ ಚೆಂಡು ಛಲೋನ ಇತ್ತು. ಅವನ ಹೊಡೆತ ಅದಕ್ಕಿಂತ ಛಲೋ ಇತ್ತು." ಹೀಗೆಂದು ಕುರ್ಚಿಯಲ್ಲಿ ಕೂತ. "ಯಾಕ ಸೋತೆ ಅಂತ ಗೊತ್ತಾಗಿ ಸೋತದ್ದು ಇದ ಮೊದ್ಲು" ಎಂದ. ಅವಳು ಟ್ರಂಕಿನ ತಳದಿಂದ ಹಳೆಯ ಪರದೆಗಳನ್ನು ತೆಗೆದು ಕಿಟಕಿಗೆ ಹಿಡಿದು ನೋಡಿದಳು. "ಸ್ವಲ್ಪ ಗಿಡ್ಡ ಆಗತಾವು. ಆಗಲಿ, ಅಂಚು ಹಚ್ಚತೀನಿ. ಇನ್ನ ನಮ್ಮನ್ನ ಎಲ್ಲೂ ಯಾರೂ ಕಳಸಂಗಿಲ್ಲಲ್ಲ" ಎಂದಳು. ಸಂಜೆ ಬಾಗಿಲು ಬಡಿದ ಸದ್ದಾಯಿತು. ಹಿಡಿಯುವವನು ಬೇರೆ ತಂಡದ ಅಂಗಿಯಲ್ಲೇ ಊಟಕ್ಕೆ ಬಂದಿದ್ದ. ಅವಳು ಇನ್ನೊಂದು ತಾಟು ಹಾಕಿದಳು.

ಇಷ್ಟು ಹೇಳುವಷ್ಟರಲ್ಲಿ ಹಾವೇರಿ ಬಂತು. ಮೇಷ್ಟ್ರು ಚೀಲ ಎತ್ತಿಕೊಂಡರು. "ಮೇಷ್ಟ್ರೇ, ಇದೇನು? ನಿಜ ಹೇಳಿದ್ದಕ್ಕೆ ಕೆಲಸ ಹೋಯಿತಲ್ಲ, ಇದರ ನೀತಿ ಏನು?" ಎಂದು ಕೇಳಿದೆ. ಅವರು ಇಳಿದುಹೋದರು. ಅಂದಿನಿಂದ ನನಗೆ ಗೊಂದಲ. ಹೇಳಿದ್ದರಿಂದ ಅವನಿಗೆ ಲಾಭವಾಯಿತು ಎನ್ನಲಾರೆ, ಆಗಲಿಲ್ಲ. ಹೇಳದಿದ್ದರೆ ಗೆಲ್ಲುತ್ತಿದ್ದನೇ? ಬಹುಶಃ ಗೆಲ್ಲುತ್ತಿದ್ದ. ನೋಡಿ... ಹೇಗೆ ಹೇಳಲಿ... ನೋಡಿ...

ಯಾರದು ನಕ್ಕದ್ದು? ದಾಸೋಹದ ಬಾಗಿಲಲ್ಲಿ ನಿಂತಿರುವ ಕಲ್ಲವ್ವನೇ? ಹನ್ನೆರಡು ವರ್ಷದಿಂದ ನಮಗೆಲ್ಲ ರೊಟ್ಟಿ ಬಡಿಯುವ ತಾಯಿ. ಯಾಕವ್ವ ನಕ್ಕಿ? ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಲಿ.

ಹಿಂದಿನವರಿಗೆ ಕೇಳಿಸಿತೇ? ಕೇಳಿಸದಿದ್ದರೆ ನಾನೇ ಹೇಳುತ್ತೇನೆ. "ಅಜ್ಜಾರ, ನೀವು ಹೇಳೋದು ಮರತಾಗೆಲ್ಲ 'ನೋಡಿ' ಅಂತೀರಿ. ನಮಗೆಲ್ಲಾ ಗೊತ್ತೈತಿ" ಎನ್ನುತ್ತಿದ್ದಾಳೆ ಕಲ್ಲವ್ವ. ಹೌದೇ? ಎಲ್ಲರೂ ತಲೆಯಾಡಿಸುತ್ತಿದ್ದೀರಲ್ಲ. ಗುರುಬಸಪ್ಪನವರೇ, ನೀವೂ? ಎಷ್ಟು ವರ್ಷದಿಂದ, ಕಲ್ಲವ್ವ? ಹನ್ನೆರಡೂ ವರ್ಷದಿಂದ. ಮತ್ತೆ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ರಿ" ಅಂತೆ.

ಒಂದು ನಿಮಿಷ ಕೊಡಿ. ನನಗೆ ನಾಚಿಕೆಯಾಗುತ್ತಿದೆ. ಮೈದಾನದ ಮಧ್ಯೆ ನಿಂತಿದ್ದವನು ಯಾರೋ ದೂರದೇಶದವನೆಂದು ನಾನು ತಿಳಿದಿದ್ದೆ.

ಸರಿ, ಈಗ ನನಗೆ ಹೇಳಲು ಬರುತ್ತದೆ. ಆ ದೇಶದಲ್ಲಿ ತಂಡ ಬದಲಾಗುತ್ತದೆ. ನಮ್ಮಲ್ಲಿ ಬದಲಾಗುವುದಿಲ್ಲವೇ? ನಮ್ಮಲ್ಲಿ ಮನೆ ಪಾಲಾಗುತ್ತದೆ. ತಮ್ಮ ಒರಟಾಗಿ ಮಾತಾಡಿ ಗಿರಾಕಿಗಳು ಎದ್ದುಹೋಗುವುದು ಅಣ್ಣನಿಗೆ ಗೊತ್ತು. ಕರೆದು ಹೇಳುವುದಿಲ್ಲ. ಯಾಕೆ? ನಾಳೆ ಅಂಗಡಿ ಎರಡಾದರೆ ಆ ಗಿರಾಕಿಗಳು ನನ್ನ ಕಡೆ ಬರಲಿ ಎಂದು. ಗುರುಬಸಪ್ಪನವರೇ, ತಲೆ ತಗ್ಗಿಸಬೇಡಿ, ನಾನು ಯಾರ ಹೆಸರೂ ಹೇಳಲಿಲ್ಲ. ಒಬ್ಬ ನೆಗೆಣ್ಣಿ, ಅಂದರೆ ವಾರಗಿತ್ತಿ, ತನ್ನ ಮಗುವಿಗೆ ಔಷಧ ಕುಡಿಸುವುದರಲ್ಲಿ ತಪ್ಪು ಮಾಡುವುದು ಇನ್ನೊಬ್ಬ ನೆಗೆಣ್ಣಿಗೆ ಗೊತ್ತು. ಅವಳಿಗೆ ಹೇಳುವುದಿಲ್ಲ, ಬೀದಿಯ ಹೆಂಗಸರಿಗೆಲ್ಲ ಹೇಳುತ್ತಾಳೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವನ ತಪ್ಪು ನಿಮಗೆ ಗೊತ್ತು. ಬಡ್ತಿ ಬರುವವರೆಗೆ ಇರಲಿ ಎಂದು ಜೇಬಿನಲ್ಲಿಟ್ಟಿದ್ದೀರಿ. ಒಂದೇ ಸೂರಿನಡಿ ಉಣ್ಣುತ್ತೀರಿ. ನಾಳೆ ಬರುವ ಜಗಳಕ್ಕೆ ಇವತ್ತೇ ಆಯುಧ ಕೂಡಿಡುತ್ತೀರಿ. ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತೀರಿ.

ನಿಮ್ಮ ತುಟಿಯೂ ಯಾರದೋ ಜೇಬಿನಲ್ಲಿದೆ, ಅದನ್ನು ಮರೆಯಬೇಡಿ.

ಮನೆಗೆ ಹೋಗಿ ಏನು ಮಾಡಬೇಕು, ಕೇಳಿ. ಯಾರ ತಪ್ಪನ್ನು ನೀವು ಕೂಡಿಟ್ಟಿದ್ದೀರೋ ಅವರನ್ನು ಈ ವಾರದೊಳಗೆ ಒಬ್ಬರನ್ನೇ ಕರೆದು, ಮೆತ್ತಗೆ ಹೇಳಿಬಿಡಿ. ನಾಲ್ಕು ಜನರ ಮುಂದೆ ಬೇಡ. ನಾನು ಕಲ್ಲವ್ವನಿಂದ ನಾಲ್ಕು ನೂರು ಜನರ ಮುಂದೆ ಹೇಳಿಸಿಕೊಂಡೆ, ಅದು ನಾನೇ ಕೇಳಿ ತಂದುಕೊಂಡದ್ದು. ಹೇಳಿದರೆ ನಿಮಗೆ ನಷ್ಟವಾಗಬಹುದು. ಆಗುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ಅವನಿಗೆ ಆಯಿತು. ಆದರೆ ಆ ಸಂಜೆ ಅವನ ಮನೆಯಲ್ಲಿ ಇನ್ನೊಂದು ತಾಟು ಬಿತ್ತು. ನಿಮ್ಮ ಮನೆಯ ತಾಟುಗಳನ್ನು ಎಣಿಸಿಕೊಳ್ಳಿ.

ಅದಕ್ಕಿಂತ ಮೊದಲು ಇನ್ನೊಂದು ಕೆಲಸವಿದೆ, ಇದನ್ನು ಮುಂದಕ್ಕೆ ಹಾಕುವಂತಿಲ್ಲ. ಈಗ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂಡುತ್ತೀರಿ. ನಿಮ್ಮ ಮನೆಯವರ ಪಕ್ಕದಲ್ಲೇ ಕೂಡಿ. ಸಜ್ಜಕ ಬಡಿಸುವುದರೊಳಗೆ ಒಂದು ಮಾತು ಕೇಳಿ. "ನನ್ನದು ಏನು ನಿನಗೆ ಗೊತ್ತಿದೆ, ನನಗೆ ಗೊತ್ತಿಲ್ಲದ್ದು?" ಕೇಳಿ, ಸುಮ್ಮನಿರಿ. ಉತ್ತರ ಕಹಿಯಾದರೂ ಎದ್ದುಹೋಗಬೇಡಿ. ಅವರು ಅದನ್ನು ಎಷ್ಟೋ ವರ್ಷದಿಂದ ಹೊತ್ತುಕೊಂಡು ಕೂತಿದ್ದಾರೆ, ನೀವು ಕೇಳುವುದನ್ನೇ ಕಾಯುತ್ತಾ.

ನಾಳೆಯ ಕಥೆ, ನೋ...

ಇಲ್ಲ. ಮರೆತಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಏಳಿ, ಪಂಕ್ತಿ ಹಿಡಿಯಿರಿ. ಕಲ್ಲವ್ವ, ನನ್ನ ಎಲೆಯನ್ನು ನಿನ್ನ ಪಕ್ಕದಲ್ಲಿ ಹಾಕು. ನನಗೆ ಕೇಳುವುದು ಇನ್ನೂ ಬಹಳ ಇರಬೇಕು.